ಕಾರಿಗೆ ಬಿದ್ದ ಕೊಸರು

ಹೋದ ತಿಂಗಳು ಸವಣೂರಿನಲ್ಲಿ ಒಂದು ಮದುವೆಯ ಊಟ ಮುಗಿಸಿ ನಾನೂ ನಮ್ಮ ಮನೆಯವರೂ ಬಸ್ ಸ್ಟ್ಯಾಂಡಿನ ಕಡೆ ನಡೆದಿದ್ದೆವು. ಓಣಿಯ ತಿರುವಿನಲ್ಲಿ ಸುಟ್ಟ ಸಾಬೂನಿನ ವಾಸನೆ ಮೂಗಿಗೆ ಬಡಿಯಿತು. ಅಲ್ಯುಮಿನಿಯಂ ತಗಡನ್ನು ಬಡಿದು ಬಗ್ಗಿಸುವ ಮೊದಲು ಅದರ ಮೇಲೆ ಸಾಬೂನು ತಿಕ್ಕಿ ಬೆಂಕಿ ತೋರಿಸುತ್ತಾರೆ. ಸಾಬೂನು ಕಪ್ಪಾಯಿತೆಂದರೆ ತಗಡು ಮೆತ್ತಗಾಯಿತೆಂದು ಅರ್ಥ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಹೆಂಗಸಿಗೆ ಇದೆಲ್ಲ ಯಾಕೆ ಗೊತ್ತಿರಬೇಕು, ನೀವೇ ಹೇಳಿ. ಆದರೆ ಗೊತ್ತಿದೆ. ಏನು ಮಾಡಲಿ, ನನ್ನ ಹಣೆಬರಹ.

ವಾಸನೆ ಬಂದದ್ದೇ ತಡ, ನಮ್ಮ ಮನೆಯವರು ಗಕ್ಕನೆ ನಿಂತರು. ಕತ್ತು ಉದ್ದ ಮಾಡಿ ಓಣಿಯೊಳಗೆ ಇಣುಕಿದರು.

"ನಡೀರಿ ಸುಮ್ನ," ಅಂದೆ.

"ಒಂದ ಮಿನಿಟ್ ಸುಧಾ, ನೋಡಿ ಬಂದೆ."

"ನಿಮ್ಮ ಒಂದ ಮಿನಿಟ್ ಹೆಂಗಿರ್ತದ ಅಂತ ನನಗ ಗೊತ್ತದ. ಒಂದ ಮಿನಿಟ್ ಅಂತ ಶುರು ಮಾಡಿ ನನ್ನ ಒಂದ ಇಡೀ ವರ್ಷ ತಿಂದೀರಿ. ಬಸ್ ಹೊಂಟದ, ನಡೀರಿ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಅವರು ತಮ್ಮಷ್ಟಕ್ಕೆ ನಗುತ್ತಿದ್ದರು. ನನಗೆ ಮಾತ್ರ ಆ ವರ್ಷ ಮೊದಲಿನಿಂದ ಕೊನೆಯವರೆಗೆ ನೆನಪಾಗಿ ಹಾನಗಲ್ ಬರುವವರೆಗೆ ಮೈ ಉರಿಯುತ್ತಲೇ ಇತ್ತು.

ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಅವರ ಎದೆ ಕೊಯ್ದು ಬೈಪಾಸ್ ಮಾಡಿದ್ದರು. ಅವರು ಗುರುರಾಜ, ಕಾಲುವೆ, ಹಳ್ಳಕ್ಕೆ ಅಡ್ಡ ಕಟ್ಟುವ ಬಾಂದಾರ ಕಟ್ಟಿಸಿ ನಿವೃತ್ತರಾದ ಓವರ್ಸಿಯರ್. ಬಿಸಿಲಲ್ಲಿ ನಿಂತು ಗುತ್ತಿಗೆದಾರರ ಜೊತೆ ಕೂಗಾಡಿಯೇ ಜೀವ ಸವೆಸಿದ ಮನುಷ್ಯ. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಮನೆಗೆ ಬಂದಮೇಲೆ ಊರಿನವರು ಅವರನ್ನು ನಡೆದಾಡಲು ಬಿಡಲಿಲ್ಲ. ಸಂತೆಯಲ್ಲಿ ಸವತೆಕಾಯಿಯ ಚೀಲ ಹಿಡಿದರೆ ಯಾರೋ ಬಂದು ಕಸಿದುಕೊಳ್ಳುವರು. "ಸಾಹೇಬ್ರ, ನೀವ್ಯಾಕ ಹೊರ್ತೀರಿ, ಕೊಡ್ರಿಲ್ಲೆ." ಗುಡಿಯ ಮೆಟ್ಟಿಲು ಹತ್ತಿದರೆ ಎಡಕ್ಕೊಬ್ಬ ಬಲಕ್ಕೊಬ್ಬ. ಕಟಿಂಗ್ ಅಂಗಡಿಯಲ್ಲಿ ಸಹ ಕುರ್ಚಿಯಿಂದ ಎಬ್ಬಿಸಲು ರಟ್ಟೆ ಹಿಡಿದರಂತೆ. ಆ ದಿನ ಮನೆಗೆ ಬಂದವರು, "ನನ್ನ ಪಾರ್ಸಲ್ ಮಾಡಿ ಸಾಗಸ್ಲಿಕ್ಕತ್ತಾರ ಸುಧಾ," ಎಂದು ಪಡಸಾಲೆಯ ಕುರ್ಚಿಯಲ್ಲಿ ಕುಳಿತರು. ಕುಳಿತವರು ಏಳಲೇ ಇಲ್ಲ ಅನ್ನಿ. ಪೇಪರ್ ತಡವಾಗಿ ಬಂದರೂ ಬೈಯಲಿಲ್ಲ, ಸಾರಿಗೆ ಉಪ್ಪು ಮರೆತರೂ ಅನ್ನಲಿಲ್ಲ. ಅವರು ಬೈಯದ ಮನೆಯಲ್ಲಿ ನನಗೆ ಊಟ ಸೇರುತ್ತಿರಲಿಲ್ಲ.

ಯುಗಾದಿ ಮುಗಿದು ಬಿಸಿಲು ಧಗಧಗ ಅನ್ನುತ್ತಿದ್ದ ಒಂದು ಮಧ್ಯಾಹ್ನ ಮೊಬೈಲ್ ನನ್ನ ಮುಖಕ್ಕೆ ಹಿಡಿದರು. ಅದರಲ್ಲಿ ಹಳೇ ಕಾಲದ ಇಂಗ್ಲಿಷ್ ರೇಸ್ ಕಾರು. ಉದ್ದ ಮೂತಿ, ಎರಡೇ ಸೀಟು, ಬಾಗಿಲಿಲ್ಲ, ತಲೆಯ ಮೇಲೆ ಮುಚ್ಚಿಗೆಯಿಲ್ಲ. ಅಂಥದನ್ನೇ ಹೋಲುವ ಹಗುರವಾದ ನಕಲನ್ನು ಅಲ್ಲಿನ ಜನ ಮನೆಯ ಅಂಗಳದಲ್ಲೇ ಕಟ್ಟುತ್ತಾರಂತೆ, ಅದರ ನಕ್ಷೆ ಸಿಕ್ಕಿದೆಯಂತೆ. ಇವರು ಶಾಲೆಯ ಹುಡುಗನಾಗಿದ್ದಾಗ ಶಿಗ್ಗಾಂವಿಯ ಹೆದ್ದಾರಿಯಲ್ಲಿ ಅಂಥ ಒಂದು ಕಾರು ಕೆಟ್ಟು ನಿಂತಿತ್ತಂತೆ. ಇವರೊಬ್ಬರೇ ನೂಕಿದರೆ ಸರ್ರನೆ ಹೋಯಿತಂತೆ.

"ನಾನೂ ಒಂದು ಕಟ್ತೇನಿ," ಅಂದರು.

"ಏನು?"

"ಕಾರ್. ಹಗೂರಂದು. ನಾ ಒಬ್ಬನ ನೂಕಿದ್ರ ಮುಂದ ಹೋಗಬೇಕು. ಯಾರದೂ ಕೈ ಹತ್ತಬಾರದು. ಹಂಗ ಆಗಲಿಲ್ಲಂದ್ರ ಅದು ನಂದಲ್ಲ."

ತಲೆ ಕೆಟ್ಟಿದೆಯೇ ಅಂದೆ. ಎದೆಯ ಹೊಲಿಗೆ ಇನ್ನೂ ಮಾಸಿಲ್ಲ ಅಂದೆ. ಮನೆಯಲ್ಲಿ ಕಟ್ಟಿದ ಇಂಥ ಗಾಡಿಗೆ ನಂಬರ್ ಪ್ಲೇಟ್ ಯಾರು ಕೊಡುತ್ತಾರೆ, ರಸ್ತೆಗೆ ಇಳಿಸುವಂತಿಲ್ಲ, ದೇವರ ಮನೆಯಲ್ಲಿ ಓಡಿಸುತ್ತೀರಾ ಅಂದೆ. ಅಕ್ಕಿಆಲೂರಿನ ಅಕ್ಕಿ ಗಿರಣಿಯ ಅಂಗಳದಲ್ಲಿ ಓಡಿಸುತ್ತೇನೆ, ನಿನಗೇನು ಮಾಡುವುದಿದೆ ಎಂದು ಅವರು ಕುರ್ಚಿ ಬಿಟ್ಟು ಎದ್ದು, ದನಿ ಏರಿಸಿ, ಮೇಜು ಕುಟ್ಟಿದರು. ಆಪರೇಷನ್ ಆದಮೇಲೆ ಅದು ಮೊದಲ ಜಗಳ. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಮನಸಾರೆ ಅತ್ತೆ. ಹೊರಗೆ ಬಂದು, "ಏನರ ಮಾಡ್ಕೋರಿ," ಅಂದೆ. ಅಲ್ಲಿಗೆ ನನ್ನ ಕಥೆ ಮುಗಿಯಿತು.

ವೆಲ್ಡಿಂಗ್ ಹೊಗೆಯ ಹತ್ತಿರ ಹೋಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಅವರು ಮನೆಯಲ್ಲಿ ನಕ್ಷೆ ಹರಡಿಕೊಂಡು ಕೂರುವುದು, ನಾನು ಶಾಲೆ ಮುಗಿಸಿ ಇಂಚು ಪೌಂಡುಗಳನ್ನು ನಮ್ಮ ಲೆಕ್ಕಕ್ಕೆ ತಿರುಗಿಸುವುದು, ಭಾನುವಾರ ಬಸ್ ಹತ್ತಿ ಊರೂರು ಅಲೆದು ಕೆಲಸ ನೋಡಿ ಬರುವುದು. ಒಂದೊಂದು ಭಾಗವೂ ಇಷ್ಟೇ ತೂಗಬೇಕು ಎಂದು ಅವರ ಹುಕುಂ. ಇಡೀ ಗಾಡಿ ಐದು ಕ್ವಿಂಟಲ್ ದಾಟಬಾರದು.

ಶಿಗ್ಗಾಂವಿಯ ಹೆದ್ದಾರಿ ಪಕ್ಕದ ಗುಜರಿಯಲ್ಲಿ ಹಳೇ ವ್ಯಾನಿನ ಸಣ್ಣ ಎಂಜಿನ್ ಸಿಕ್ಕಿತು. ಅದನ್ನು ತರುವ ದಿನವೇ ಮುಂಗಾರು ಒಡೆಯಿತು. ತಾಡಪಾಲು ಇರಲಿಲ್ಲವೆಂದು ನನ್ನ ತವರುಮನೆಯ ಕೌದಿಯನ್ನು ಎಂಜಿನ್ನಿಗೆ ಹೊದಿಸಿ, ತಾವು ನೆನೆಯುತ್ತ ಟೆಂಪೋದಲ್ಲಿ ಬಂದಿಳಿದರು. ಆ ಕೌದಿಯ ಎಣ್ಣೆ ಕಲೆ ಇವತ್ತಿಗೂ ಹೋಗಿಲ್ಲ.

ಗಾಡಿಯ ಅಡಿಗಟ್ಟನ್ನು, ಅಂದರೆ ಚಾಸಿಯನ್ನು, ಅಕ್ಕಿಆಲೂರಿನ ಚನ್ನವೀರಪ್ಪನಿಗೆ ಒಪ್ಪಿಸಿದ್ದಾಯಿತು. ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವುದರಲ್ಲಿ ನಮ್ಮ ಕಡೆ ಅವನ ಹೆಸರು ದೊಡ್ಡದು. ಬಾಂದಾರದ ಕೆಲಸಕ್ಕೆ ಗೇಟು ಮಾಡಿಕೊಡುತ್ತಿದ್ದ ಕಾಲದಿಂದಲೂ ಇವರೆಂದರೆ ಅವನಿಗೆ ಜೀವ. ನಕ್ಷೆಯಲ್ಲಿದ್ದ ಸಣ್ಣ ಪೈಪನ್ನು ಕೈಯಲ್ಲಿ ಹಿಡಿದು ಅವನು ನನ್ನ ಮುಖ ನೋಡಿದ.

"ಅಕ್ಕೋರ, ಇದು ಪೈಪ್ ಏನ್ರಿ? ಊದಿನಕಡ್ಡಿ ಐತ್ರಿ."

"ಲೆಕ್ಕ ಹಾಕೇನಿ ಚನ್ನವೀರಪ್ಪ. ಇಬ್ಬರು ಕೂತ್ರ ಸಾಕು. ಮತ್ತ ಭಾರ ಇಲ್ಲ."

"ಹೂನ್ರಿ, ಹೂನ್ರಿ," ಅಂದ.

ಅವನ ಕಷ್ಟ ನನಗೆ ಆಮೇಲೆ ತಿಳಿಯಿತು. ಟ್ರೇಲರ್ ಮಾಡಿಸುವವರು ಹತ್ತು ಟನ್ ಹೇರುತ್ತೇವೆ ಅಂದರೆ ಕಬ್ಬಿನ ಕಾಲಕ್ಕೆ ಇಪ್ಪತ್ತು ಹೇರುತ್ತಾರೆ. ಮುರಿದರೆ ಬೈಗುಳ ಕಟ್ಟಿದವನಿಗೆ. ಹೀಗಾಗಿ ಯಾರು ಎಷ್ಟೇ ಭಾರ ಹೇಳಲಿ, ಅದನ್ನು ಎರಡು ಪಟ್ಟು ಮಾಡಿಕೊಂಡೇ ಅವನು ಕಬ್ಬಿಣ ಮುಟ್ಟುವುದು. ಮುಂದಿನ ಭಾನುವಾರ ಜಿಟಿಜಿಟಿ ಮಳೆಯಲ್ಲಿ ಕೊಡೆ ಹಿಡಿದು ಹೋದರೆ ಪೈಪುಗಳ ಕೆಳಗೆ ನನ್ನ ಅಂಗೈ ಅಗಲದ ಕಬ್ಬಿಣದ ದಪ್ಪ ತೊಲೆ, ಅವರ ಭಾಷೆಯ ಚಾನಲ್ಲು, ಮಲಗಿತ್ತು.

"ಇದೇನಿದು?"

"ಏನಿಲ್ರಿ. ಒಂದೀಟ ಕೊಸರು ಹಾಕೇನ್ರಿ."

ಸಂತೆಯಲ್ಲಿ ಮೆಣಸಿನಕಾಯಿ ತೂಗಿದ ಮೇಲೆ ಇನ್ನೊಂದು ಹಿಡಿ ಹಾಕುತ್ತಾರಲ್ಲ, ಅದು ಕೊಸರು. ಬೇಡ ಅಂದರೆ ಕೊಟ್ಟವರ ಮುಖಕ್ಕೆ ಹೊಡೆದ ಹಾಗೆ. ಆದರೆ ಕಬ್ಬಿಣದಲ್ಲೂ ಕೊಸರು ಹಾಕುತ್ತಾರೆಂದು ನಾನು ಯಾವ ಜನ್ಮದಲ್ಲೂ ಕೇಳಿರಲಿಲ್ಲ. ತೆಗೆ ಅಂದೆ. ತೆಗೆಯುತ್ತೇನೆ ಅಂದ. ಮುಂದಿನ ವಾರ ಹೋದಾಗ ಅದಕ್ಕೆ ಕೆಂಪು ಬಣ್ಣ ಬಳಿದಿದ್ದ, ಜೊತೆಗೆ ಅಡ್ಡಕ್ಕೆ ಇನ್ನೆರಡು ಹಾಕಿದ್ದ. ಗಾಲಿ ಕೂರುವ ಗುಂಬಗಳೂ ಟ್ರೇಲರಿನವೇ.

ಸವಣೂರಿನ ಖಾದರ್‌ಸಾಬರ ಕಥೆ ಬೇರೆಯೇ. ಮದುವೆ ಹೆಣ್ಣುಮಕ್ಕಳ ಟ್ರಂಕು ಮಾಡುವ ಮನೆತನ ಅವರದು. ಅಲ್ಯುಮಿನಿಯಂ ಮೈ ಬಡಿಯುವ ಕೆಲಸ ಅವರದಾಯಿತು. ಆ ಉದ್ದ ಮೂತಿಯನ್ನು ಅವರು ಮರದ ಸುತ್ತಿಗೆಯಲ್ಲಿ ಬಡಿದು ಎಬ್ಬಿಸಿದ್ದನ್ನು ನೋಡಿದಾಗ, ಸುಳ್ಳು ಯಾಕೆ ಹೇಳಲಿ, ನನಗೂ ಖುಷಿಯಾಯಿತು. ಆಮೇಲೆ ಕೈಯಿಟ್ಟು ಎತ್ತಿ ನೋಡಿದೆ. ರಾಮಾ! ತಗಡಿನ ಅಂಚಿಗೆಲ್ಲ ಕಬ್ಬಿಣದ ತಂತಿ ಸುತ್ತಿದ್ದರು. ಒಳಗೆ ಇನ್ನೊಂದು ಪದರ ತಗಡು. ಮೂಲೆಗಳಿಗೆ ಪಟ್ಟಿ. ಮೇಲೆ ಬಾನೆಟ್ಟಿಗೆ ಚಿಲಕ, ಚಿಲಕಕ್ಕೊಂದು ಬೀಗ.

"ಇದು ಟ್ರಂಕ್ ಅಲ್ಲ ಖಾದರ್‌ಸಾಬ್, ಕಾರು."

"ಗೊತ್ತೈತ್ರಿ ಅಕ್ಕೋರ. ಆದ್ರ ಡಬಲ್ ತಳ ಹಾಕ್ದ ನಮ್ಮ ಅಂಗಡಿಯಿಂದ ಏನೂ ಹೊರಗ ಹೋಗಿಲ್ರಿ. ನಮ್ಮ ಅಬ್ಬಾ ಇದ್ದಿದ್ರ ನನ್ನ ಕೂಡ ಮಾತು ಬಿಡ್ತಿದ್ರು."

ಇದು ಸಾಲದೆಂದು ಹಿರೇಕೆರೂರಿನಿಂದ ಇವರ ಅಕ್ಕ, ನಮ್ಮ ಅಂಬಕ್ಕನ ಫೋನು ದಿನಾ ಬೆಳಿಗ್ಗೆ. "ತಮ್ಮಗ ಕೂಡ್ಲಿಕ್ಕೆ ಏನ ಹಾಕೀರೆ? ಬರೇ ತಗಡಿನ ಮ್ಯಾಲ ಕೂಡಸ್ತೀರೇನ?" ಶ್ರಾವಣದ ಒಂದು ದಿನ ಅಂಬಕ್ಕನೇ ಬಂದಿಳಿದರು. ಬಸ್ಸಿನ ಮೇಲಿನಿಂದ ಕಂಡಕ್ಟರ್ ಇಳಿಸಿಕೊಟ್ಟದ್ದು ಹೊಸ ಹತ್ತಿ ತುಂಬಿಸಿ ಹೊಲಿಸಿದ ಎರಡು ಗಾದಿ, ಒರಗಿ ಕೂರುವ ನಾಲ್ಕು ಲೋಡುದಿಂಬು. ಕಾರಿನಲ್ಲಿ ಹರಿಕಥೆ ಇಟ್ಟುಕೊಳ್ಳುತ್ತೀರಾ ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ದೊಡ್ಡವರು, ನುಂಗಿಕೊಂಡೆ. ಇವರಿಗೆ ಇದೆಲ್ಲ ಹೇಳಿದರೆ, "ಅವ್ರಿಗೆ ತಿಳೀತದ, ತಗೀತಾರ ಬಿಡು," ಎಂದು ಮತ್ತೆ ನಕ್ಷೆಯ ಮೇಲೆ ಬಗ್ಗುತ್ತಿದ್ದರು. ಹೇಳಿ ಹೇಳಿ ನನ್ನ ಬಾಯಿ ನೋಯಿತು.

ಮಹಾನವಮಿಯ ಆಯುಧಪೂಜೆಗೆ, ನಮ್ಮ ಕಡೆಯ ಖಂಡೇಪೂಜೆಗೆ, ಎಲ್ಲ ಭಾಗಗಳೂ ಚನ್ನವೀರಪ್ಪನ ಶೆಡ್ಡಿನಲ್ಲಿ ಕೂಡಿ ಒಂದು ಗಾಡಿಯಾಗಿ ನಿಂತವು. ಮಳೆ ಹಿಂದೆ ಸರಿದು ಬಿಸಿಲು ಬಿದ್ದಿತ್ತು. ಬಾಳೆಕಂಬ ಕಟ್ಟಿದರು, ಕುಂಕುಮ ಹಚ್ಚಿದರು, ಕಾಯಿ ಒಡೆದರು. ನೋಡಲು ಚೆಂದವಿತ್ತು, ಇಲ್ಲವೆನ್ನುವುದಿಲ್ಲ. ಹಿಂದಿನ ವಾರವೇ ಹುಬ್ಬಳ್ಳಿಯ ಡಾಕ್ಟರು ಇವರನ್ನು ಪರೀಕ್ಷೆ ಮಾಡಿ, ಇನ್ನು ಮಿತಿಯಲ್ಲಿ ಎಲ್ಲ ಕೆಲಸ ಮಾಡಬಹುದು ಅಂದಿದ್ದರು. ಕಾರು ನೂಕಬಹುದೇ ಎಂದು ನಾನೇ ಕೇಳಿದ್ದೆ. ಸಪಾಟು ನೆಲದಲ್ಲಿ, ಹಗುರವಿದ್ದರೆ, ದಣಿವಾದಾಗ ನಿಂತು ನೂಕಬಹುದು ಎಂದು ನಕ್ಕಿದ್ದರು.

ಇವರು ಧೋತರ ಎತ್ತಿ ಕಟ್ಟಿ ಗಾಡಿಯ ಹಿಂದೆ ಹೋಗಿ ನಿಂತರು. ಎಲ್ಲರನ್ನೂ ದೂರ ಸರಿಸಿದರು. ಎರಡೂ ಕೈ ಇಟ್ಟು ನೂಕಿದರು.

ಗಾಡಿ ಅಲ್ಲಾಡಲಿಲ್ಲ.

ಇನ್ನೊಮ್ಮೆ ನೂಕಿದರು. ಕತ್ತಿನ ನರ ಉಬ್ಬಿತು, ಮುಖ ಕೆಂಪಗಾಯಿತು. ಅಷ್ಟರಲ್ಲಿ ಶೆಡ್ಡಿನವರೆಲ್ಲ ಹೋ ಎಂದು ಓಡಿಬಂದು ಕೈ ಹಚ್ಚಿದರು, ಗಾಡಿ ದಡದಡ ಮುಂದೆ ಹೋಯಿತು. ಇವರ ಕೈ ಗಾಳಿಯಲ್ಲೇ ಉಳಿಯಿತು. ಪಕ್ಕದ ಅಕ್ಕಿ ಗಿರಣಿಯ ತೂಕದ ಕಟ್ಟೆಯ ಮೇಲೆ ನಿಲ್ಲಿಸಿ ನೋಡಿದರೆ ಹತ್ತು ಕ್ವಿಂಟಲ್ ದಾಟಿತ್ತು.

"ಏನಿದು ಚನ್ನವೀರಪ್ಪ?" ಅಂದರು. ದನಿ ಬಹಳ ಸಣ್ಣಗಿತ್ತು.

ಅವನು ತಲೆ ಬಗ್ಗಿಸಿದ. "ನೀವು ಕುಂದ್ರೋ ಗಾಡಿರಿ ಸಾಹೇಬ್ರ. ಎದಿ ಕೊಯ್ಸಿಕೊಂಡಾವ್ರು ಅದೀರಿ. ಎಲ್ಲ್ಯಾರ ತಗ್ಗಿನ್ಯಾಗ ಬಿದ್ದು ಮುರದ್ರ ಅಕ್ಕೋರ ಮುಂದ ನಾ ಹೆಂಗ ನಿಲ್ಲಲಿ? ಜೀವ ತಡೀಲಿಲ್ರಿ, ಹಾಕಿದೆ."

ಖಾದರ್‌ಸಾಬರೂ ಹೌದು ಹೌದು ಎಂದು ಗೋಣು ಹಾಕಿದರು. ಅಂಬಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನನ್ನ ಗಾಡೀನೂ ಪೇಶಂಟ್ ಮಾಡಿ ಇಟ್ಟೀರಲ್ಲೋ," ಅಂದರು ಇವರು. ಅಷ್ಟೇ. ಬೈಯಲಿಲ್ಲ, ಕೂಗಲಿಲ್ಲ. ಮನೆಗೆ ಬಂದು ಪಡಸಾಲೆಯ ಅದೇ ಕುರ್ಚಿಯಲ್ಲಿ ಕುಳಿತರು. ಮರುದಿನ ದಸರೆಯ ಬನ್ನಿ ಎಲೆ ಕೊಡಲು ಬಂದವರಿಗೆ ಕೂತಲ್ಲೇ ಕೈ ಮುಗಿದರು. ನಕ್ಷೆಯನ್ನು ಮಡಚಿ ಅಟ್ಟಕ್ಕೆ ಎಸೆದರು. ನನಗೆ ಹೆದರಿಕೆಯಾಯಿತು. ಆಪರೇಷನ್ ಕೋಣೆಯ ಹೊರಗೆ ಕೂತಿದ್ದಾಗಲೂ ಅಷ್ಟು ಹೆದರಿರಲಿಲ್ಲ. ಈ ಸಲ ಕುಳಿತರೆ ಇವರು ಏಳುವುದಿಲ್ಲ ಅನ್ನಿಸಿತು.

ಹೆದರಿಕೆ ಹೆಚ್ಚಾದರೆ ನನಗೆ ಸಿಟ್ಟು ಬರುತ್ತದೆ. ಕೆಲವು ದಿನ ತಡೆದೆ. ಒಂದು ಬೆಳಿಗ್ಗೆ ನಟ್ಟು ತಿರುಗಿಸುವ ಪಾನಾ, ಕರಗಸ, ಸುತ್ತಿಗೆ ಎಲ್ಲ ಒಂದು ಚೀಲಕ್ಕೆ ತುಂಬಿ ಅವರ ಕಾಲ ಬುಡದಲ್ಲಿ ದಪ್ಪನೆ ಇಟ್ಟೆ.

"ಏಳ್ರಿ. ಅಕ್ಕಿಆಲೂರಿಗೆ ಹೋಗೋಣ. ಹಾಕಿದ್ದೆಲ್ಲಾ ತಗಸೋಣ."

"ಅವ್ರ ಮನಸ್ಸು ಯಾಕ ನೋಯಸ್ತೀ? ಬಿಡು."

"ಅವರ ಮನಸ್ಸು ನೋಯ್ತದಂತ! ನನ್ನದೇನು ಕಲ್ಲೇನ್ರಿ? ನಾ ಒಬ್ಬಾಕೀನ ಎಷ್ಟ ಮಂದಿ ಕೂಡ ಜಗಳಾಡ್ಲಿ? ನಿಮ್ಮ ಗಾಡಿ, ನೀವ ಬಂದು ಆಡ್ರಿ. ಚೀಲಾ ತಗೋರಿ."

ಅವರು ಚೀಲ ನೋಡಿದರು, ನನ್ನನ್ನು ನೋಡಿದರು. ನಾನು ಬರಿಗೈಯಲ್ಲಿ ಮೆಟ್ಟಿಲಿಳಿದು ಮುಂದೆ ನಡೆದೆ. ತಿರುಗಿ ನೋಡಲಿಲ್ಲ. ನೋಡಿದ್ದರೆ ನನ್ನಿಂದಾಗುತ್ತಿರಲಿಲ್ಲ. ಓಣಿಯ ಕೊನೆಯಲ್ಲಿ ಹಿಂದೆ ಚಪ್ಪಲಿ ಸದ್ದು ಕೇಳಿತು, ಜೊತೆಗೆ ಪಾನಾಗಳ ಖಣಖಣ. ಬಸ್ ಸ್ಟ್ಯಾಂಡಿನಲ್ಲಿ ಪರಿಚಯದ ಅಡಿಕೆ ವ್ಯಾಪಾರಿಯೊಬ್ಬರು ಚೀಲಕ್ಕೆ ಕೈ ಹಾಕಲು ಬಂದರು.

"ಏನ್ರಿ ಅಕ್ಕೋರ, ಸಾಹೇಬ್ರ ಕಡೆ ಹೊರಸಾಕತ್ತೀರಲ್ಲ!"

"ಹೌದು, ಹೊರಸ್ಲಿಕ್ಕತ್ತೇನಿ. ಏನೀಗ?"

ಅವರು ಗಾಬರಿಯಾಗಿ ಹಿಂದೆ ಸರಿದರು. ಊರ ತುಂಬ ನನ್ನ ಬಗ್ಗೆ ಏನೇನು ಮಾತಾಡಿಕೊಂಡರೋ, ಆಡಿಕೊಳ್ಳಲಿ.

ಚನ್ನವೀರಪ್ಪ ಸುಲಭಕ್ಕೆ ಒಪ್ಪಲಿಲ್ಲ. ಚಾನಲ್ ತೆಗೆದರೆ ತನ್ನ ಹೆಸರು ಹೋಗುತ್ತದೆ ಅಂದ. ತೆಗೆದ ಮೇಲೆ ಮುರಿದರೆ ತಾನು ಊರು ಬಿಡಬೇಕಾಗುತ್ತದೆ ಅಂದ. ಇವರು ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತಿದ್ದರು. ನನಗೆ ತಡೆಯಲಿಲ್ಲ.

"ಮನುಷ್ಯಾ ಮನಿಯೊಳಗ ಕುರ್ಚಿ ಮ್ಯಾಲ ಕೂತಲ್ಲೇ ಮುರದು ಹೊಂಟಾನ, ಚನ್ನವೀರಪ್ಪ. ಯಾವ ತಗ್ಗಿನ್ಯಾಗೂ ಬಿದ್ದಿಲ್ಲ. ಅದಕ್ಕೇನ ಚಾನಲ್ ಹಚ್ತೀ, ಹೇಳು?"

ಅವನು ಚಾನಲ್ಲಿನ ಮೇಲೆ ಒಮ್ಮೆ ಅಂಗೈ ಸವರಿದ. ಆಮೇಲೆ ಗ್ಯಾಸ್ ಕಟರ್ ಹೊತ್ತಿಸಿ, "ಗೆರಿ ಎಳೀರಿ ಸಾಹೇಬ್ರ," ಅಂದ. ಇವರು ಎಳೆದರು. ಅವನು ಕೊಯ್ದ. ಒಂದೊಂದು ತುಂಡು ನೆಲಕ್ಕೆ ಬಿದ್ದಾಗಲೂ ಅವನು ಅಯ್ಯೋ ಅನ್ನುತ್ತಿದ್ದ. ಖಾದರ್‌ಸಾಬರು ಒಳಗಿನ ಪದರ, ತಂತಿ, ಪಟ್ಟಿ ಎಲ್ಲ ತೆಗೆದುಕೊಟ್ಟರು, ಆದರೆ ಎರಡು ವಾರ ನನ್ನ ಮುಖ ನೋಡಿ ಮಾತಾಡಲಿಲ್ಲ. ಗಾದಿ ವಾಪಸ್ ಕಳಿಸುತ್ತೇನೆ ಅಂದದ್ದಕ್ಕೆ ಅಂಬಕ್ಕ ಫೋನಿನಲ್ಲೇ ಗೋಳೋ ಎಂದು ಅತ್ತು, ಇನ್ನು ನಿಮ್ಮ ಹೊಸ್ತಿಲು ತುಳಿಯುವುದಿಲ್ಲ ಅಂದರು. ಇವರು ಮಾತ್ರ ದಿನಾ ಚೀಲ ಹೊತ್ತು ಬಸ್ಸಿಗೆ ಹೋಗುತ್ತಿದ್ದರು. ಸಂಜೆ ಬಂದು ಸಾರು ಸಪ್ಪಗಿದೆ ಎಂದು ಬೈಯುತ್ತಿದ್ದರು. ಜೊತೆಗೆ ತೂಕದ ಹುಚ್ಚು ಎಷ್ಟು ಹತ್ತಿತೆಂದರೆ ನಟ್ಟು ಬೋಲ್ಟುಗಳನ್ನೂ ನನ್ನ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತೊಗರಿಬೇಳೆಯ ಡಬ್ಬಿಗೆಲ್ಲ ಗ್ರೀಸ್ ಮೆತ್ತಿದರು. ಅವರಿಗೆ ಹುಷಾರಿಲ್ಲದಿದ್ದಾಗಲೇ ಮನೆ ಚೊಕ್ಕಟವಿತ್ತು ಎಂದು ಒಂದು ದಿನ ನಾನು ಅಂದೇ ಬಿಟ್ಟೆ.

ದೀಪಾವಳಿಯ ಪಾಡ್ಯದ ಬೆಳಿಗ್ಗೆ ಗಿರಣಿಗೆ ರಜೆ. ಅಂಗಳದ ಸಿಮೆಂಟಿನ ಮೇಲೆ ಒಣಹಾಕಿದ್ದ ಭತ್ತವನ್ನು ಒಂದು ಬದಿಗೆ ಗೂಡಿಸಿ ಜಾಗ ಮಾಡಿದ್ದರು. ಸಣ್ಣ ಚಳಿ ಇತ್ತು. ಹೊಸ್ತಿಲು ತುಳಿಯುವುದಿಲ್ಲ ಅಂದಿದ್ದ ಅಂಬಕ್ಕ ಎಲ್ಲರಿಗಿಂತ ಮೊದಲು ಬಂದು ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಪಕ್ಕದ ಸೀಟಿನಲ್ಲಿ ಕೂರಬೇಕು, ಏನಾದರೂ ಆದರೆ ಹಿಡಿದುಕೊಳ್ಳಬೇಕು ಎಂದು ಎಲ್ಲರ ಒತ್ತಾಯ.

"ನೀ ಕೂತ್ರ ನಿಂದೂ ತೂಕ ಆಗ್ತದ," ಅಂದರು ಇವರು.

"ನನಗೇನ ಕೂಡೋ ಹೌಸ ಇಲ್ಲ. ಹೋಗ್ರಿ ಒಬ್ಬರ."

ಎಂಜಿನ್ ಹೊತ್ತಿತು. ಗಾಡಿ ಹೊರಟಿತು. ತಲೆಗೆ ಮಫ್ಲರ್ ಸುತ್ತಿಕೊಂಡು, ಸ್ಟಿಯರಿಂಗ್ ಮೇಲೆ ಬಗ್ಗಿ, ಭತ್ತದ ರಾಶಿಯ ಪಕ್ಕ ಹಾದು, ಆ ತುದಿಯ ಗೋಡೆಯ ಕಡೆ ಹೋದರು. ಅಲ್ಲಿ ತಿರುಗಿಸಿದರು. ಸದ್ದು ಬುಕ್ ಬುಕ್ ಎಂದು ಕೆಮ್ಮಿ ನಿಂತುಹೋಯಿತು.

ಎಲ್ಲರೂ ಓಡಲು ಎದ್ದರು. ಚನ್ನವೀರಪ್ಪ ಆಗಲೇ ನಾಲ್ಕು ಹೆಜ್ಜೆ ಹಾಕಿದ್ದ.

"ನಿಲ್ರಿ! ಯಾರೂ ಹೋಗಬ್ಯಾಡ್ರಿ!" ಎಂದು ನಾನು ಕೂಗಿದೆ. ಶಾಲೆಯಲ್ಲೂ ಆ ದನಿ ತೆಗೆದಿಲ್ಲ. ಚನ್ನವೀರಪ್ಪನ ಅಂಗಿಯ ತೋಳು ಹಿಡಿದೆ, ಇನ್ನೊಂದು ಕೈಯಲ್ಲಿ ಅಂಬಕ್ಕನ ಸೆರಗು.

ದೂರದಲ್ಲಿ ಇವರು ಇಳಿದರು. ಬಾನೆಟ್ ಎತ್ತಿ ನೋಡಿದರು. ಟ್ಯಾಂಕಿನ ಮುಚ್ಚಳ ತೆಗೆದು ಬಗ್ಗಿ ನೋಡಿದರು. ಆಮೇಲೆ ನಮ್ಮ ಕಡೆ ನೋಡಿದರು. ಯಾರೂ ಕದಲಲಿಲ್ಲ. ಅವರು ಹಿಂದೆ ಹೋಗಿ ಕೈ ಇಟ್ಟು ನೂಕಿದರು. ಗಾಡಿ ಹೊರಳಿತು.

ಅಂಗಳ ಅಷ್ಟು ಉದ್ದವಿದೆ ಎಂದು ನನಗೆ ಗೊತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಅವರು ನಿಂತು, ಗಾಡಿಗೆ ಆತು, ಎದೆಯ ಮೇಲೆ ಕೈ ಇಟ್ಟುಕೊಂಡರು.

"ಅಕ್ಕೋರ, ಕೈ ಮುಗೀತೇನ್ರಿ, ಬಿಡ್ರಿ ನನ್ನ," ಅಂದ ಚನ್ನವೀರಪ್ಪ.

"ಬಿಡಂಗಿಲ್ಲ."

ಅವನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಅವನು ಬಿಡಿಸಿಕೊಳ್ಳಲಿಲ್ಲ. ಇವರು ಎರಡು ಸಲ ದೀರ್ಘವಾಗಿ ಉಸಿರು ಎಳೆದುಕೊಂಡು ಮತ್ತೆ ಬಗ್ಗಿದರು. ಗಾಡಿ ನಮ್ಮ ಕಡೆ ಬಂತು, ನಿಧಾನಕ್ಕೆ, ನಿಲ್ಲದೆ, ನಮ್ಮ ಕಾಲಿನ ಹತ್ತಿರದವರೆಗೆ.

ಮಫ್ಲರ್ ಬಿಚ್ಚಿ ಮುಖ ಒರೆಸಿಕೊಂಡರು. ಅಂಗಿಯೆಲ್ಲ ತೊಯ್ದು ಮೈಗೆ ಅಂಟಿತ್ತು. ತೂಕ ಆಗುತ್ತದೆಂದು ಟ್ಯಾಂಕಿಗೆ ಒಂದು ಸಣ್ಣ ಬಾಟಲಿಯಷ್ಟೇ ಪೆಟ್ರೋಲ್ ಹಾಕಿದ್ದರಂತೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಷ್ಟು ಮಂದಿಯ ಎದುರಿಗೆ, ಹಬ್ಬದ ದಿನವೆಂದೂ ನೋಡದೆ, ಬಾಯಿಗೆ ಬಂದದ್ದೆಲ್ಲ ಅಂದೆ. ಅನ್ನುತ್ತ ಅನ್ನುತ್ತ ಅಳು ಬಂತು.

ಅವರು ಒಂದೂ ಕೇಳಿಸಿಕೊಂಡಂತೆ ಕಾಣಲಿಲ್ಲ. ನಾವು ನಿಂತ ಜಾಗ ನೋಡಿದರು, ತಾವು ನೂಕಿಕೊಂಡು ಬಂದ ಖಾಲಿ ಅಂಗಳ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, ಏದುಸಿರು ಬಿಡುತ್ತ, ಮುಖ ತುಂಬ ನಗುತ್ತ ಅಂದರು:

"ಯಾರೂ ಬರಲಿಲ್ಲ, ಸುಧಾ."